ಟವೆಲ್ಲಿನಲ್ಲಿ ಎಣ್ಣೆ ಎಲ್ಲಿದೆ?

ಸೊಲ್ಲಾಪುರದಿಂದ ಅಕ್ಕಲಕೋಟದ ಕಡೆ ಹೊರಟ ಬಸ್ಸು ಎಂಐಡಿಸಿ ಕೈಗಾರಿಕಾ ಪ್ರದೇಶ ಹಾಯ್ದು ಹೋಗುವಾಗ ಕಿಟಕಿಯ ಪಕ್ಕ ಕೂತವರಿಗೆ ಮಗ್ಗಗಳ ಸದ್ದು ಕೇಳುತ್ತದೆ. ಅಲ್ಲಿ ನೇಯುವುದು ಹೆಚ್ಚಾಗಿ ಟೆರ್ರಿ ಟವೆಲ್ಲು ಮತ್ತು ಚಾದರ. ಮಕ್ಕಳೇ, ನಿಮ್ಮ ಮನೆಯಲ್ಲಿ ಅಂಥ ಟವೆಲ್ಲು ಇದ್ದರೆ ಒಂದು ಸಲ ಬಿಸಿಲಿಗೆ ಹಿಡಿದು ನೋಡಿ. ಮೈತುಂಬ ಪುಟ್ಟ ಪುಟ್ಟ ಕುಣಿಕೆಗಳು ಕಾಣುತ್ತವೆ. ಮಗ್ಗದಲ್ಲಿ ಹಾಸಿನ ಎಳೆಗಳು ಎರಡು ಗುಂಪಾಗಿರುತ್ತವೆ. ಒಂದು ಗುಂಪನ್ನು ಬಿಗಿಯಾಗಿ ಎಳೆದಿಟ್ಟು ಇನ್ನೊಂದನ್ನು ಸಡಿಲ ಬಿಡುತ್ತಾರೆ. ಸಡಿಲ ಬಿಟ್ಟ ಎಳೆಯೇ ಕುಣಿಕೆಯಾಗಿ ಮೇಲೆ ಏಳುತ್ತದೆ, ನೀರು ಹೀರುವುದು ಅದೇ.

ನೂಲು ಹತ್ತಿಯದು, ಹತ್ತಿ ಹೊಲದ್ದು. ಹಾಗಾದರೆ ಈ ಟವೆಲ್ಲಿನಲ್ಲಿ ಕಚ್ಚಾ ತೈಲ ಎಲ್ಲಿದೆ, ಹೇಳಿ ನೋಡೋಣ.

ಇಲ್ಲವೇ ಇಲ್ಲ ಅನ್ನಬೇಡಿ. ಹತ್ತಿ ಬಿತ್ತುವ ಮುಂಚೆ ಹೊಲ ಹದ ಮಾಡಿದ ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿದ್ದರು. ಗಿಡಕ್ಕೆ ಕೊಟ್ಟ ಯೂರಿಯಾ ತಯಾರಾದದ್ದು ನೈಸರ್ಗಿಕ ಅನಿಲದಿಂದ. ಇದು ತೈಲದ ಒಡಹುಟ್ಟು, ಎಷ್ಟೋ ಕಡೆ ಎರಡೂ ಒಂದೇ ಬಾವಿಯಿಂದ ಬರುತ್ತವೆ. ಟವೆಲ್ಲಿನ ಕೆಂಪು, ನೀಲಿ ಬಣ್ಣಗಳ ಅಣುಗಳನ್ನು ಕಟ್ಟಲು ಬೆಂಜೀನ್‌ನಂಥ ರಾಸಾಯನಿಕ ಬೇಕು, ಅದನ್ನು ಈಗ ಬಹುಪಾಲು ತೆಗೆಯುವುದು ಕಚ್ಚಾ ತೈಲದಿಂದಲೇ. ಮಗ್ಗದ ಬೇರಿಂಗಿಗೆ ಗ್ರೀಸು ಬೇಕು. ಕರೆಂಟು ಹೋದರೆ ಜನರೇಟರ್. ಅಂಚಿನ ಲೇಬಲ್ಲು ಪಾಲಿಯೆಸ್ಟರ್, ಸುತ್ತಿದ ಚೀಲ ಪ್ಲಾಸ್ಟಿಕ್, ಎರಡರ ಮೂಲವೂ ತೈಲ. ಆಮೇಲೆ ಕಂಟೇನರ್ ಲಾರಿಯೇರಿ ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಯುರೋಪಿಗೋ ಅಮೆರಿಕಕ್ಕೋ. ಆ ಹಡಗು ಸುಡುವುದೂ ತೈಲವನ್ನೇ.

ಇಷ್ಟೊಂದು ಕಡೆ ತೈಲ ನುಸುಳಿದ್ದು ಹೇಗೆ? ಒಂದು ಲೆಕ್ಕ ಮಾಡೋಣ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿದರೆ ಸುಮಾರು 36 ಮೆಗಾಜೌಲ್ ಶಾಖ ಸಿಗುತ್ತದೆ. ಮನೆಯ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ ಸುಮಾರು 10 ಯೂನಿಟ್. ಎಂಜಿನ್ನು ಅದರಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತದೆ, ಉಳಿದದ್ದು ಬಿಸಿಯಾಗಿ ಹಾರಿ ಹೋಗುತ್ತದೆ. ಅಂದರೆ ಕೈಗೆ ಸಿಗುವುದು ಮೂರೂವರೆ ಯೂನಿಟ್ ಅಂದುಕೊಳ್ಳಿ. ಗಟ್ಟಿಮುಟ್ಟಾದ ಒಬ್ಬ ಆಳು ಎಂಟು ತಾಸು ಮೈಮುರಿದು ದುಡಿದರೆ ಆಗುವ ಕೆಲಸ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಒಂದು ಲೀಟರ್ ಡೀಸೆಲ್ಲಿನಲ್ಲಿ ಒಬ್ಬ ಆಳಿನ ಸುಮಾರು ಆರು ದಿನದ ದುಡಿಮೆ ಇದೆ! ನೂರು ರೂಪಾಯಿಯ ಆಸುಪಾಸಿನಲ್ಲಿ ಆರು ದಿನ ಯಾರು ದುಡಿಯುತ್ತಾರೆ? ಕಲ್ಲಿದ್ದಲಲ್ಲೂ ಶಕ್ತಿ ಇದೆ ನಿಜ. ಆದರೆ ತೂಕಕ್ಕೆ ತೂಕ ಹಿಡಿದರೆ ತೈಲದ ಮುಂದೆ ಅದು ಹೆಚ್ಚುಕಡಿಮೆ ಅರ್ಧ. ಮೇಲಾಗಿ ಅದನ್ನು ಸಲಿಕೆಯಿಂದ ಎತ್ತಿ ಹಾಕಬೇಕು. ತೈಲ ಕೊಳವೆಯಲ್ಲಿ ತಾನೇ ಹರಿದು ಹೋಗುತ್ತದೆ. ಮುಂಬೈಯಿಂದ ಪುಣೆ ದಾಟಿ ಸೊಲ್ಲಾಪುರ ಹತ್ತಿರದ ಪಾಕಣಿಯ ತನಕ ಪೆಟ್ರೋಲು, ಡೀಸೆಲ್ಲು ಹೀಗೆ ನೆಲದಡಿಯ ಕೊಳವೆಯಲ್ಲೇ ಬರುತ್ತವೆ.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಯಾರಾದರೂ ಕೈ ಎತ್ತಿ, "ನಮ್ಮ ಹೊಲದಾಗ ಬೋರ್ ಹೊಡೆಸಿದ್ರ ಎಣ್ಣಿ ಬರಾಂಗಿಲ್ಲೇನ್ರಿ ಸರ?" ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಬರುವುದಿಲ್ಲ. ಯಾಕೆಂದು ನೋಡೋಣ.

ಸೊಲ್ಲಾಪುರ, ಅಕ್ಕಲಕೋಟ, ಆಚೆ ವಿಜಯಪುರದ ಬಹುಭಾಗ, ಇಲ್ಲೆಲ್ಲ ಕಾಲಡಿ ಇರುವುದು ಕಪ್ಪು ಬಸಾಲ್ಟ್ ಕಲ್ಲು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿ ಬಿರಿದು ಉಕ್ಕಿದ ಲಾವಾ ಪದರ ಪದರವಾಗಿ ಹರಡಿ ಆರಿದ್ದು. ನಿಮ್ಮ ಹೊಲದ ಎರೆಮಣ್ಣು ಅದೇ ಕಲ್ಲು ಪುಡಿಯಾಗಿ ಆದದ್ದು. ತೈಲದ ಹುಟ್ಟು ಬೇರೆಯೇ ತರಹ. ಬೆಚ್ಚಗಿನ, ಆಳವಿಲ್ಲದ ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಕೋಟ್ಯಂತರ ಹುಟ್ಟಿ ಸಾಯುತ್ತವೆ. ಸತ್ತವು ತಳಕ್ಕೆ ಇಳಿಯುತ್ತವೆ. ತಳದಲ್ಲಿ ಆಮ್ಲಜನಕ ಇಲ್ಲದಿದ್ದರೆ ಪೂರ್ತಿ ಕೊಳೆಯುವುದಿಲ್ಲ. ಮೇಲೆ ಕೆಸರು ಬೀಳುತ್ತ ಬೀಳುತ್ತ ಅವು ಎರಡು, ಮೂರು ಕಿಲೋಮೀಟರ್ ಆಳಕ್ಕೆ ಹೂತುಹೋಗುತ್ತವೆ. ಅಲ್ಲಿ ಸುಮಾರು 60ರಿಂದ 150 ಡಿಗ್ರಿ ಬಿಸಿಯಲ್ಲಿ ಲಕ್ಷಾಂತರ ವರ್ಷ ಬೆಂದರೆ ತೈಲವಾಗುತ್ತವೆ. ಬಿಸಿ ಇನ್ನೂ ಹೆಚ್ಚಾದರೆ ಅನಿಲ.

ಆದ ತೈಲ ಅಲ್ಲೇ ನಿಲ್ಲುವುದಿಲ್ಲ, ಹಗುರ ನೋಡಿ, ಮೇಲಕ್ಕೆ ಜಿನುಗುತ್ತದೆ. ದಾರಿಯಲ್ಲಿ ಸಣ್ಣ ರಂಧ್ರಗಳಿರುವ ಸುಣ್ಣಕಲ್ಲೋ ಮರಳುಗಲ್ಲೋ ಸಿಗಬೇಕು, ಅದರ ಮೇಲೆ ಏನನ್ನೂ ಬಿಡದ ಗಟ್ಟಿ ಪದರವೊಂದು ಮುಚ್ಚಿರಬೇಕು, ಆ ಪದರಗಳು ಗುಮ್ಮಟದ ಹಾಗೆ ಬಾಗಿರಬೇಕು. ಇಷ್ಟೆಲ್ಲ ಕೂಡಿ ಬಂದರೆ ಮಾತ್ರ ತೈಲಕ್ಷೇತ್ರ. ನೆಲದಡಿ ಎಣ್ಣೆಯ ಕೆರೆ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಕೆರೆಯಲ್ಲ, ತೈಲದಲ್ಲಿ ತೊಯ್ದ ಕಲ್ಲು.

ಅರೇಬಿಯಾ ಮತ್ತು ಇರಾನ್ ಇರುವ ಜಾಗದಲ್ಲಿ ಇದೆಲ್ಲ ಕೂಡಿ ಬಂತು. ಹಿಂದೆ ಅಲ್ಲಿ ಟೆಥಿಸ್ ಎಂಬ ಸಮುದ್ರವಿತ್ತು. ಅರೇಬಿಯಾದ ಭೂಫಲಕ ಹೋಗಿ ಏಷ್ಯಾಕ್ಕೆ ಒತ್ತಿದಾಗ ಪದರಗಳು ಮಡಿಕೆ ಬಿದ್ದು ಇರಾನಿನ ಝಾಗ್ರೋಸ್ ಬೆಟ್ಟಗಳಾದವು. ಮಡಿಕೆಗಳ ಕೆಳಗೆ ತೈಲ ಸಿಕ್ಕಿಬಿತ್ತು. ಸೌದಿ ಅರೇಬಿಯಾದ ಘವಾರ್ ಎಂಬ ಒಂದೇ ಕ್ಷೇತ್ರ ಸುಮಾರು 280 ಕಿಲೋಮೀಟರ್ ಉದ್ದ. ಸೊಲ್ಲಾಪುರದಿಂದ ಪುಣೆಗೆ ಹೋಗುವ ರಸ್ತೆಗಿಂತ ಉದ್ದ! ಪ್ರಪಂಚದಲ್ಲಿ ಇದೆಯೆಂದು ಗೊತ್ತಿರುವ ತೈಲದ ಹತ್ತಿರ ಹತ್ತಿರ ಅರ್ಧ ಆ ಮೂಲೆಯಲ್ಲೇ ಇದೆ. ನಮಗೂ 1974ರಲ್ಲಿ ಮುಂಬೈ ಎದುರಿನ ಸಮುದ್ರದಲ್ಲಿ ಬಾಂಬೆ ಹೈ ಸಿಕ್ಕಿತು. ಸಾಲದು. ಇಂದು ಭಾರತ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85 ಪಾಲಿಗಿಂತ ಹೆಚ್ಚು ಹೊರಗಿನದು.

ಬೇಕಾದವರು ಎಲ್ಲ ಕಡೆ, ಇರುವುದು ಕೆಲವೇ ಕಡೆ. ಇದರಿಂದ ಏನಾಗುತ್ತದೆ ಎಂಬುದನ್ನು ಸೊಲ್ಲಾಪುರದ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ನಿಮ್ಮಲ್ಲಿ ನಳಕ್ಕೆ ದಿನಾಲೂ ನೀರು ಬರುವುದಿಲ್ಲ. ಬಂದ ದಿನ ಮನೆಯ ಬ್ಯಾರೆಲ್ಲು, ಕೊಡ, ಪಾತ್ರೆ ಎಲ್ಲ ತುಂಬಿಸಿಡುತ್ತೀರಿ. ಇವತ್ತು ಕುಡಿಯಲು ನೀರಿಲ್ಲ ಎಂದಲ್ಲ, ನಾಳೆ ಬಾರದಿದ್ದರೆ ಎಂಬ ಚಿಂತೆ. ಬೇಸಿಗೆಯಲ್ಲಿ ಟ್ಯಾಂಕರ್ ಬಂದಾಗ ಜಗಳ ಹತ್ತುವುದೂ ಆ ಚಿಂತೆಯಿಂದಲೇ. ದೇಶಗಳು ತೈಲದ ವಿಷಯದಲ್ಲಿ ನಡೆದುಕೊಂಡದ್ದು ಹೀಗೆಯೇ. ಯುದ್ಧಕ್ಕೆ ಆಸೆಯೇ ಕಾರಣ ಅನ್ನುತ್ತಾರೆ. ನನಗಂತೂ ಆಸೆಗಿಂತ ಈ ಹೆದರಿಕೆಯೇ ದೊಡ್ಡ ಕಾರಣವಾಗಿ ಕಾಣುತ್ತದೆ.

ಮೊದಲು ಹೆದರಿದ್ದು ಬ್ರಿಟನ್. ಅದರ ಯುದ್ಧನೌಕೆಗಳು ಓಡುತ್ತಿದ್ದದ್ದು ಕಲ್ಲಿದ್ದಲಿನಿಂದ, ಕಲ್ಲಿದ್ದಲು ಅವರ ನೆಲದಲ್ಲೇ ಹೇರಳವಾಗಿತ್ತು. ತೈಲ ಸುಟ್ಟರೆ ನೌಕೆಯ ವೇಗ ಹೆಚ್ಚುತ್ತದೆ, ಒಲೆಗೆ ಇದ್ದಲು ತುಂಬುವ ನೂರಾರು ಆಳುಗಳೂ ಬೇಡ. 1911ರಲ್ಲಿ ನೌಕಾಖಾತೆಯ ಮಂತ್ರಿಯಾದ ವಿನ್‌ಸ್ಟನ್ ಚರ್ಚಿಲ್ ತೈಲದ ಕಡೆ ವಾಲಿದರು. ಆದರೆ ಬ್ರಿಟನ್ನಿನಲ್ಲಿ ತೈಲ ಎಲ್ಲಿಯದು? ಅದು 1908ರಲ್ಲಿ ಸಿಕ್ಕಿದ್ದು ಪರ್ಶಿಯಾದ, ಅಂದರೆ ಇಂದಿನ ಇರಾನಿನ, ಮಸ್ಜಿದ್ ಸುಲೇಮಾನ್ ಎಂಬಲ್ಲಿ. ಹಾಗಾಗಿ 1914ರಲ್ಲಿ ಮಹಾಯುದ್ಧಕ್ಕೆ ಕೆಲವೇ ವಾರಗಳಿರುವಾಗ ಬ್ರಿಟಿಷ್ ಸರಕಾರ ಆಂಗ್ಲೋ ಪರ್ಶಿಯನ್ ತೈಲ ಕಂಪನಿಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ಕೊಂಡುಬಿಟ್ಟಿತು. ತಮ್ಮ ನೆಲದ ಇದ್ದಲು ಬಿಟ್ಟು ಸಾವಿರಾರು ಮೈಲಿ ದೂರದ ತೈಲಕ್ಕೆ ನೌಕಾಪಡೆಯನ್ನು ಕಟ್ಟಿಹಾಕಿದಂತಾಯಿತು. ಇನ್ನು ಆ ತೈಲವನ್ನು ಕಾಯಬೇಕಲ್ಲ?

ಕಾಯಲು ಹೋದದ್ದು ಯಾರು ಗೊತ್ತೆ? ನಮ್ಮವರು. 1914ರ ನವೆಂಬರ್ ಮೊದಲ ವಾರದಲ್ಲಿ ಭಾರತದಿಂದ ಹೊರಟ 6ನೇ ಪೂನಾ ಡಿವಿಷನ್ನಿನ ಸೈನಿಕರು ಇಂದಿನ ಇರಾಕಿನ ತುದಿಯಲ್ಲಿರುವ ಫಾವ್‌ನಲ್ಲಿ ಇಳಿದರು. ಅಬಾದಾನಿನ ತೈಲ ಶುದ್ಧೀಕರಣ ಘಟಕವನ್ನೂ ಅದಕ್ಕೆ ಬರುವ ಕೊಳವೆಯನ್ನೂ ರಕ್ಷಿಸುವುದು ಅವರಿಗಿದ್ದ ಕೆಲಸಗಳಲ್ಲೊಂದು. ಅದೊಂದೇ ಅಲ್ಲ, ಆಗ ಇರಾಕನ್ನು ಆಳುತ್ತಿದ್ದ ತುರ್ಕಿಯರನ್ನು ಹೆದರಿಸುವ, ಅರಬ್ ಮುಖಂಡರನ್ನು ಒಲಿಸಿಕೊಳ್ಳುವ ಲೆಕ್ಕವೂ ಇತ್ತು. ಹಾಗೆ ಇಳಿದವರಲ್ಲಿ 117ನೇ ಮಹ್ರಟ್ಟಾಸ್ ಎಂಬ ಪಲ್ಟನ್ ಇತ್ತು. ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಹಿಂದಿನ ರೂಪಗಳಲ್ಲಿ ಅದೂ ಒಂದು. ತೈಲ ಕಾಯಲು ಹೋದ ಪಡೆ ಅಷ್ಟಕ್ಕೇ ನಿಲ್ಲದೆ ಬಾಗ್ದಾದ್ ಗೆಲ್ಲಲು ಹೊರಟಿತು. ಸೋತು ಹಿಂದೆ ಸರಿದು ಕೂಟ್ ಎಂಬ ಊರಿನಲ್ಲಿ ಸುತ್ತುವರಿಯಲ್ಪಟ್ಟಿತು. ತಿಂಗಳುಗಟ್ಟಲೆ ಹಸಿದು 1916ರ ಏಪ್ರಿಲ್ 29ರಂದು ಶರಣಾಯಿತು. ಸುಮಾರು 13,000 ಜನ ಸೆರೆಯಾದರು, ಅವರಲ್ಲಿ ಹೆಚ್ಚಿನವರು ಭಾರತೀಯರು. ತಮ್ಮೂರಲ್ಲಿ ಒಂದೂ ಮೋಟಾರು ನೋಡದ ರೈತರ ಮಕ್ಕಳು ಅವರಲ್ಲಿ ಎಷ್ಟಿದ್ದರೋ!

ಎರಡನೆಯ ಕತೆಗೆ ಸೊಲ್ಲಾಪುರದ ನಂಟು ಇನ್ನೂ ಹತ್ತಿರದ್ದು. ಡಾಕ್ಟರ್ ದ್ವಾರಕಾನಾಥ ಕೋಟ್ಣೀಸರ ಹೆಸರು ನೀವು ಕೇಳಿರಬೇಕು. 1910ರಲ್ಲಿ ಸೊಲ್ಲಾಪುರದಲ್ಲೇ ಹುಟ್ಟಿದವರು, ಅಲ್ಲಿನ ಅವರ ಮನೆ ಈಗ ಸ್ಮಾರಕ. 1937ರಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಪ್ರಮಾಣದ ಯುದ್ಧ ಆರಂಭಿಸಿದಾಗ ಗಾಯಾಳುಗಳ ಶುಶ್ರೂಷೆಗೆಂದು 1938ರಲ್ಲಿ ಭಾರತದಿಂದ ಐವರು ವೈದ್ಯರು ಹೋದರು. ಕೋಟ್ಣೀಸರು ಅವರಲ್ಲೊಬ್ಬರು. ಉಳಿದ ನಾಲ್ವರು ಮರಳಿ ಬಂದರು, ಇವರು ಅಲ್ಲೇ ಉಳಿದು ಚೀನೀ ಕಲಿತು ರಾತ್ರಿ ಹಗಲೆನ್ನದೆ ಶಸ್ತ್ರಚಿಕಿತ್ಸೆ ಮಾಡುತ್ತ 1942ರ ಡಿಸೆಂಬರಿನಲ್ಲಿ, 32ನೇ ವಯಸ್ಸಿಗೇ ತೀರಿಕೊಂಡರು.

ಕೋಟ್ಣೀಸರು ಗಾಯ ಹೊಲಿಯುತ್ತಿದ್ದಾಗ ಗಾಯ ಮಾಡುತ್ತಿದ್ದ ಜಪಾನಿನ ವಿಮಾನ, ಹಡಗು, ಲಾರಿಗಳಿಗೆ ತೈಲ ಎಲ್ಲಿಂದ ಬರುತ್ತಿತ್ತು? ಜಪಾನಿನ ನೆಲದಲ್ಲಿ ತೈಲ ಇಲ್ಲವೆನ್ನುವಷ್ಟು ಕಡಿಮೆ. ಅದು ತರಿಸುತ್ತಿದ್ದ ತೈಲದಲ್ಲಿ ಐದರಲ್ಲಿ ನಾಲ್ಕು ಪಾಲು ಅಮೆರಿಕದ್ದು. ಜಪಾನ್ ಚೀನಾದಲ್ಲಿ ನಿಲ್ಲದೆ 1941ರ ಜುಲೈಯಲ್ಲಿ ಇಂಡೋಚೀನಾದ ದಕ್ಷಿಣ ಭಾಗಕ್ಕೂ ಕಾಲಿಟ್ಟಿತು, ಅಂದರೆ ಇಂದಿನ ವಿಯೆಟ್ನಾಮಿನ ಕಡೆ. ಅಮೆರಿಕ ಆಗಸ್ಟಿನಲ್ಲಿ ನಲ್ಲಿ ತಿರುಗಿಸಿತು. ತೈಲ ಬಂದ್.

ಜಪಾನಿನ ಬಳಿ ಕೂಡಿಟ್ಟದ್ದು ಹೆಚ್ಚೆಂದರೆ ಎರಡು ವರ್ಷಕ್ಕೆ ಸಾಲುತ್ತಿತ್ತು. ದಿನ ಕಳೆದಂತೆ ಅದು ಇಳಿಯುತ್ತದೆ, ಇಳಿದಂತೆ ಹೆದರಿಕೆ ಏರುತ್ತದೆ. ಇರುವ ದಾರಿ ಎರಡು: ಚೀನಾ ಬಿಟ್ಟು ಹಿಂದೆ ಸರಿಯುವುದು, ಇಲ್ಲವೇ ಡಚ್ಚರ ಮತ್ತು ಬ್ರಿಟಿಷರ ಕೈಯಲ್ಲಿದ್ದ ಸುಮಾತ್ರಾ, ಬೋರ್ನಿಯೋ ದ್ವೀಪಗಳ ತೈಲವನ್ನು ಕಿತ್ತುಕೊಳ್ಳುವುದು. ಅದರ ಸೇನಾ ನಾಯಕರು ಎರಡನೆಯದನ್ನು ಆರಿಸಿದರು. ದ್ವೀಪಗಳಿಗೆ ಹೋದರೆ ಅಮೆರಿಕದ ನೌಕಾಪಡೆ ಅಡ್ಡ ಬಂದೀತು ಎಂದು ಡಿಸೆಂಬರ್ 7ರಂದು ಆ ಪಡೆಯ ನೆಲೆಯಾದ ಪರ್ಲ್ ಹಾರ್ಬರಿನ ಮೇಲೆ ಬಾಂಬು ಹಾಕಿದರು. 1942ರ ಫೆಬ್ರವರಿಯಲ್ಲಿ ಸುಮಾತ್ರಾದ ಪಾಲೆಂಬಾಂಗ್ ತೈಲಕ್ಷೇತ್ರ ಅವರದಾಯಿತು. ಆದರೆ ಕ್ಷೇತ್ರ ಕೈಗೆ ಬಂದ ಮಾತ್ರಕ್ಕೆ ತೈಲ ಊರಿಗೆ ಬಂದಂತಾಗಲಿಲ್ಲ. ಅಮೆರಿಕದ ಜಲಾಂತರ್ಗಾಮಿಗಳು ಜಪಾನಿನ ತೈಲ ಹಡಗುಗಳನ್ನು ಒಂದೊಂದಾಗಿ ಮುಳುಗಿಸಿದವು. ಯುದ್ಧದ ಕೊನೆಕೊನೆಗೆ ಜಪಾನಿನ ಶಾಲಾಮಕ್ಕಳೂ ದೊಡ್ಡವರ ಜೊತೆ ಗುಡ್ಡ ಹತ್ತಿ ಪೈನ್ ಮರದ ಬೇರು ಅಗೆಯುತ್ತಿದ್ದರು. ಬೇರು ಕಾಯಿಸಿ ಎಣ್ಣೆ ಇಳಿಸಿ ಅದರಿಂದ ವಿಮಾನ ಹಾರಿಸುವ ಆಸೆ! ಬೆಟ್ಟಗಳು ಬೋಳಾದವು, ವಿಮಾನಗಳಿಗೆ ಅದು ಉಪಯೋಗಕ್ಕೆ ಬರಲಿಲ್ಲವೆಂದೇ ಹೇಳಬೇಕು.

ಇಷ್ಟು ಓದಿ ಎಲ್ಲ ಯುದ್ಧಕ್ಕೂ ತೈಲವೇ ಕಾರಣ ಎಂದು ಬರೆದುಕೊಂಡುಬಿಡಬೇಡಿ. ಎಮಿಲಿ ಮೈಯರ್ಡಿಂಗ್ ಎಂಬ ಅಮೆರಿಕದ ರಾಜಕೀಯ ವಿಜ್ಞಾನಿ 2020ರಲ್ಲಿ ಒಂದು ಪುಸ್ತಕ ಬರೆದು, ಬರೀ ತೈಲ ಕಸಿಯಲೆಂದೇ ನಡೆದ ದೊಡ್ಡ ಯುದ್ಧಗಳು ನಾವು ಅಂದುಕೊಂಡದ್ದಕ್ಕಿಂತ ತೀರಾ ಕಡಿಮೆ ಎಂದು ವಾದಿಸಿದ್ದಾರೆ. ಗೆದ್ದ ಬಾವಿ ಒಡೆದಿರುತ್ತದೆ, ಅಲ್ಲಿನ ಜನ ಎದುರು ನಿಲ್ಲುತ್ತಾರೆ, ಬೇರೆ ದೇಶಗಳು ವ್ಯಾಪಾರ ನಿಲ್ಲಿಸುತ್ತವೆ. ಇಷ್ಟೆಲ್ಲ ಆದ ಮೇಲೆ ಲಾಭ ಎಷ್ಟು ಉಳಿಯುತ್ತದೆ? ಜಪಾನ್ ಕೂಡ ಚೀನಾಕ್ಕೆ ನುಗ್ಗಿದ್ದು ತೈಲಕ್ಕೆಂದಲ್ಲ. ಸಾಮ್ರಾಜ್ಯದ ಹುಚ್ಚು ಮೊದಲು ಬಂತು, ತೈಲದ ಭಯ ಆಮೇಲೆ ಸೇರಿಕೊಂಡು ಯುದ್ಧವನ್ನು ಹಿಗ್ಗಿಸಿತು.

1990ರ ಕುವೈತ್ ಕತೆಯಲ್ಲಂತೂ ಭೂವಿಜ್ಞಾನವೇ ಜಗಳಕ್ಕೆ ಇಳಿದಿತ್ತು. ಇರಾಕಿನ ರುಮೈಲಾ ತೈಲಕ್ಷೇತ್ರದ ತುದಿ ಗಡಿ ದಾಟಿ ಕುವೈತಿನ ಕೆಳಗೂ ಚಾಚಿದೆ. ಗಡಿ ನಕಾಶೆಯ ಮೇಲಿರುತ್ತದೆ, ಕಲ್ಲಿನ ರಂಧ್ರದೊಳಗಿನ ತೈಲಕ್ಕೆ ಅದು ಗೊತ್ತಿಲ್ಲ. ಒಂದು ಕಡೆ ಪಂಪು ಮಾಡಿದರೆ ಅಲ್ಲಿ ಒತ್ತಡ ಇಳಿದು ಇನ್ನೊಂದು ಕಡೆಯ ತೈಲ ಆ ಕಡೆ ಸರಿಯಬಹುದು. ನಮ್ಮ ತೈಲ ಕದಿಯುತ್ತಿದ್ದೀರಿ, ಹೆಚ್ಚು ತೈಲ ಮಾರಿ ಬೆಲೆಯನ್ನೂ ಇಳಿಸುತ್ತಿದ್ದೀರಿ ಎಂದು ಇರಾಕ್ ದೂರಿತು. ಇರಾನಿನ ಜೊತೆ ಎಂಟು ವರ್ಷ ಕಾದಾಡಿ ಸಾಲದಲ್ಲಿ ಮುಳುಗಿದ್ದ ದೇಶ ಅದು. ಆಗಸ್ಟ್ 2ರಂದು ಕುವೈತಿಗೆ ನುಗ್ಗಿತು. ಮುಂದಿನ ವರ್ಷ ಸೋತು ಹಿಂದೆ ಸರಿಯುವಾಗ 600ಕ್ಕೂ ಹೆಚ್ಚು ಬಾವಿಗಳಿಗೆ ಬೆಂಕಿ ಇಟ್ಟಿತು. ಕೊನೆಯ ಬೆಂಕಿ ಆರಿದ್ದು ನವೆಂಬರ್ ತಿಂಗಳಲ್ಲಿ.

ನಮಗೂ ಬಿಸಿ ತಟ್ಟಿತು. ಕುವೈತಿನಲ್ಲಿದ್ದ ಸುಮಾರು 1,70,000 ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು, ಕರ್ನಾಟಕದ ಕರಾವಳಿಯವರೂ ಅವರಲ್ಲಿದ್ದರು. ತೈಲದ ಬೆಲೆ ಏರಿ ಮೊದಲೇ ಸೊರಗಿದ್ದ ನಮ್ಮ ಡಾಲರ್ ಖಜಾನೆ ಬರಿದಾಗತೊಡಗಿತು. 1991ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಬಂಗಾರವನ್ನು ಹೊರದೇಶದಲ್ಲಿ ಅಡವಿಟ್ಟಿತು. ನಾವು ಯಾರ ಮೇಲೂ ಯುದ್ಧಕ್ಕೆ ಹೋಗಿರಲಿಲ್ಲ.

ಇಂದೂ ಪರ್ಶಿಯನ್ ಕೊಲ್ಲಿಯ ತೈಲ ಹೊರಬರುವ ಮುಖ್ಯ ದಾರಿ ಹೊರ್ಮುಜ್ ಜಲಸಂಧಿ. ಅದರ ಅತಿ ಇಕ್ಕಟ್ಟಿನ ಜಾಗ ಸುಮಾರು 33 ಕಿಲೋಮೀಟರ್ ಅಗಲ, ಸೊಲ್ಲಾಪುರದಿಂದ ಅಕ್ಕಲಕೋಟಕ್ಕಿರುವ ದೂರಕ್ಕಿಂತಲೂ ಕಡಿಮೆ. ಸರಿಯಾಗಿ ನಡೆಯುವ ದಿನಗಳಲ್ಲಿ ಪ್ರಪಂಚ ಬಳಸುವ ತೈಲದ ಐದನೇ ಒಂದು ಪಾಲು ಅಲ್ಲಿಂದ ಹಾಯುತ್ತದೆ. ನಿಮ್ಮ ಅಡುಗೆಮನೆಯ ಸಿಲಿಂಡರಿನ ಗ್ಯಾಸೂ ಬಹುಪಾಲು ಅದೇ ದಾರಿಯಲ್ಲಿ ಬಂದದ್ದು.

ಈ ಹೆದರಿಕೆಗೆ ಭಾರತ ಮಾಡಿಕೊಂಡ ಒಂದು ಉಪಾಯ ಕರ್ನಾಟಕದ ನೆಲದಡಿ ಇದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಆಂಧ್ರದ ವಿಶಾಖಪಟ್ಟಣದಲ್ಲಿ 13 ಲಕ್ಷ 30 ಸಾವಿರ ಟನ್ ಕಚ್ಚಾ ತೈಲ ಹಿಡಿಯುವ ಗುಹೆಗಳನ್ನು ಬಂಡೆಯಲ್ಲಿ ಕೊರೆದಿದ್ದಾರೆ. ಸೋಜಿಗವೆಂದರೆ ಈ ಗುಹೆಗಳ ಗೋಡೆಗೆ ಉಕ್ಕಿನ ತಗಡೂ ಇಲ್ಲ. ಹಾಗಾದರೆ ಬಂಡೆಯ ಬಿರುಕುಗಳಿಂದ ತೈಲ ಯಾಕೆ ಸೋರುವುದಿಲ್ಲ? ಗುಹೆ ಇರುವುದು ಅಂತರ್ಜಲದ ಮಟ್ಟಕ್ಕಿಂತ ಬಹಳ ಕೆಳಗೆ. ಸುತ್ತಲಿನ ಬಿರುಕುಗಳಲ್ಲಿ ನೀರು ತುಂಬಿದೆ, ಆ ನೀರಿನ ಒತ್ತಡ ಒಳಗಿನ ತೈಲದ ಒತ್ತಡಕ್ಕಿಂತ ಹೆಚ್ಚು. ಹಾಗಾಗಿ ನೀರು ಒಳಗೆ ಜಿನುಗುತ್ತದೆಯೇ ಹೊರತು ತೈಲ ಹೊರಗೆ ಹೋಗಲಾರದು. ಜಿನುಗಿದ ನೀರು ತೈಲದ ಜೊತೆ ಬೆರೆಯದೆ ಭಾರಕ್ಕೆ ತಳದಲ್ಲಿ ನಿಲ್ಲುತ್ತದೆ, ಅದನ್ನು ಪಂಪಿನಿಂದ ಎತ್ತುತ್ತಾರೆ. ಅಂತರ್ಜಲ ಇಳಿದುಹೋಗಬಾರದೆಂದು ಗುಹೆಯ ಮೇಲೆ ಸುರಂಗ ಕೊರೆದು ಅಲ್ಲಿಂದ ನೀರು ಕೊಡುವ ವ್ಯವಸ್ಥೆಯೂ ಉಂಟು. ಎಂಥ ಜಾಣತನ! ಆದರೆ ಮೂರೂ ಕಡೆಯದು ಪೂರ್ತಿ ತುಂಬಿದ್ದರೂ, 2019-20ರ ಬಳಕೆಯ ಲೆಕ್ಕದಲ್ಲಿ ದೇಶಕ್ಕೆ ಸಾಲುತ್ತಿದ್ದದ್ದು ಸುಮಾರು ಒಂಬತ್ತೂವರೆ ದಿನ.

ಕೂಡಿಡುವುದರ ಜೊತೆಗೆ ಬಳಕೆ ತಗ್ಗಿಸುವ ಯತ್ನವೂ ನಡೆದಿದೆ. ಬಿಸಿಲಿಗೇನೂ ಕೊರತೆಯಿಲ್ಲದ ಸೊಲ್ಲಾಪುರದಲ್ಲಿ ಸೂರ್ಯನಿಂದ ಮಗ್ಗ ಓಡಿಸುವುದು ಸುಲಭದ ಮಾತು, ಲಾರಿ ಓಡಿಸುವುದು ಕಷ್ಟ. ಒಂದು ಕೆಜಿ ಡೀಸೆಲ್ಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿಯಿದ್ದರೆ ಒಂದು ಕೆಜಿ ಲಿಥಿಯಂ ಬ್ಯಾಟರಿಯಲ್ಲಿ ಹಿಡಿಯುವುದು ಯೂನಿಟ್ಟಿನ ಐದನೇ ಒಂದು ಪಾಲು. ಬ್ಯಾಟರಿಯ ಮೋಟಾರು ಶಕ್ತಿಯನ್ನು ಎಂಜಿನ್ನಿನಷ್ಟು ಪೋಲು ಮಾಡುವುದಿಲ್ಲ, ಆದರೂ ಅಂತರ ದೊಡ್ಡದು.

ಇನ್ನೊಂದು ದಾರಿ ನಿಮ್ಮ ಜಿಲ್ಲೆಯ ಕಬ್ಬಿನ ಗದ್ದೆಯಲ್ಲಿದೆ. ಸೊಲ್ಲಾಪುರ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳು ಬಹಳ. ಕಬ್ಬಿನ ರಸದಿಂದಲೂ ಕಾಕಂಬಿಯಿಂದಲೂ ಎಥೆನಾಲ್ ತೆಗೆದು ಪೆಟ್ರೋಲಿಗೆ ಬೆರೆಸುತ್ತಾರೆ, ಬೇರೆ ಮೂಲಗಳ ಎಥೆನಾಲೂ ಸೇರಿ 2025ರಲ್ಲಿ ಆ ಬೆರಕೆ ನೂರಕ್ಕೆ 20ರ ಮಟ್ಟ ಮುಟ್ಟಿತು. ಅಷ್ಟರಮಟ್ಟಿಗೆ ಹೊರಗಿನ ತೈಲ ಕಡಿಮೆ ಸಾಕು. ಆದರೆ ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಬರಬೇಕಾದರೆ ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿ ಹೇಳುತ್ತದೆ. 200 ಲೀಟರಿನ ಬ್ಯಾರೆಲ್ಲಾದರೆ ಹದಿನಾಲ್ಕು ತುಂಬಿ ಇನ್ನೂ ಮಿಗುತ್ತದೆ. ಆ ಕಬ್ಬಿಗೂ ಸೊಲ್ಲಾಪುರದ ನಳಕ್ಕೂ ನೀರು ಬರುವುದು ಹೆಚ್ಚಾಗಿ ಒಂದೇ ಉಜನಿ ಅಣೆಕಟ್ಟಿನಿಂದ, ಅದೇ ಭೀಮಾ ನದಿ ಮುಂದೆ ಹರಿದು ಕರ್ನಾಟಕಕ್ಕೆ ಹೋಗುತ್ತದೆ.